ತಿಂಗಳ ಮಾತ್ರೆಯ ದುಡ್ಡು

ಮೂರ್ಛೆರೋಗಕ್ಕೆ ಕೊಡುವ ಫಿನೋಬಾರ್ಬಿಟೋನ್ ಮಾತ್ರೆ ಜಗತ್ತಿನ ಅತಿ ಅಗ್ಗದ ಔಷಧಗಳಲ್ಲಿ ಒಂದು. ಒಬ್ಬ ರೋಗಿಗೆ ವರ್ಷವಿಡೀ ಬೇಕಾಗುವಷ್ಟು ಮಾತ್ರೆ 5 ಡಾಲರಿಗೆ ಸಿಕ್ಕೀತು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಲೆಕ್ಕ ಕೊಟ್ಟಿದೆ. ಅದೇ ಸಂಸ್ಥೆ ಇನ್ನೊಂದು ಲೆಕ್ಕವನ್ನೂ ಕೊಡುತ್ತದೆ: ಬಡ ದೇಶಗಳಲ್ಲಿ ಈ ಕಾಯಿಲೆ ಇರುವ ನಾಲ್ಕು ಜನರಲ್ಲಿ ಮೂವರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಇಷ್ಟು ಅಗ್ಗದ ಮಾತ್ರೆ ಇಷ್ಟು ಜನರ ಕೈಗೆ ಯಾಕೆ ಸಿಗುವುದಿಲ್ಲ? ಹಳೇ ಮೈಸೂರು ಸೀಮೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಔಷಧಿ ಕೊಡುವ ಕಿಟಕಿಯ ಒಳಗೆ ಕೂತು ಸರ್ವೀಸು ಮುಗಿಸಿದವಳು ನಾನು. ಕಿಟಕಿಯ ಹೊರಗಿನವರು ಚೀಟಿ ಚಾಚುತ್ತಿದ್ದರು, ನಾನು ಮಾತ್ರೆ ಎಣಿಸುತ್ತಿದ್ದೆ. ಆ ಚೀಟಿ ಹಿಡಿದು ಅಲ್ಲಿಗೆ ಬಂದು ನಿಲ್ಲುವಷ್ಟರಲ್ಲಿ ಅವರ ಗಂಟಿನಿಂದ ಎಷ್ಟು ಕರಗಿರುತ್ತಿತ್ತು ಎಂಬುದು ಯಾವ ರಿಜಿಸ್ಟರಿನಲ್ಲೂ ಬರೆಯದ ಲೆಕ್ಕ. ಕರ್ನಾಟಕದಲ್ಲಿ ಫಿಟ್ಸ್ ಮಾತ್ರೆಯ ಚರಿತ್ರೆ ಎಂದರೆ ನನ್ನ ಮಟ್ಟಿಗೆ ಆ ಲೆಕ್ಕದ ಚರಿತ್ರೆ.

ಶೀಷೆಯ ಕಾಲ

ನಮ್ಮಪ್ಪ ಕಾಂಪೌಂಡರ್. ಮೈಸೂರು ಸಂಸ್ಥಾನದ ಕೊನೆಗಾಲದಲ್ಲಿ ಲೋಕಲ್ ಫಂಡ್ ಡಿಸ್ಪೆನ್ಸರಿಯೊಂದರಲ್ಲಿ ಕೆಲಸಕ್ಕೆ ಸೇರಿದವರು. ಆಗ ಹಳ್ಳಿಗಾಡಿನ ಡಿಸ್ಪೆನ್ಸರಿಯಲ್ಲಿ ಮೂರ್ಛೆಗೆ ಕೊಡುತ್ತಿದ್ದದ್ದು ಬ್ರೋಮೈಡ್ ಮಿಕ್ಸ್ಚರ್. ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆ ವೈದ್ಯರಾಗಿದ್ದ ಚಾರ್ಲ್ಸ್ ಲೋಕಾಕ್ ಅವರು 1857ರಲ್ಲಿ ಪೊಟ್ಯಾಸಿಯಂ ಬ್ರೋಮೈಡಿನಿಂದ ಕೆಲವು ಹೆಂಗಸರ ಮೂರ್ಛೆ ತಗ್ಗಿದ್ದನ್ನು ವೈದ್ಯರ ಸಭೆಯಲ್ಲಿ ಹೇಳಿದ ಮೇಲೆ ಆ ಉಪ್ಪು ಲೋಕವೆಲ್ಲ ಸುತ್ತಿತ್ತು. ಮೂರ್ಛೆಗೆ ನಿಜಕ್ಕೂ ಕೆಲಸ ಮಾಡಿದ ಮೊದಲ ಔಷಧ ಅದು. ಜತೆಗೆ ಮಂಪರು, ಮುಖದ ಮೇಲೆ ಗುಳ್ಳೆ, ಮಂಕು ಕವಿದ ಬುದ್ಧಿ.

ಡಿಸ್ಪೆನ್ಸರಿಯಲ್ಲಿ ಔಷಧಕ್ಕೆ ಕಾಸಿಲ್ಲ, ಶೀಷೆ ಮಾತ್ರ ರೋಗಿಯೇ ತರಬೇಕು. ಗಾಜಿನ ಶೀಷೆ ಆಗ ಎಲ್ಲರ ಮನೆಯಲ್ಲಿ ಇರುವ ವಸ್ತುವಲ್ಲ. ಹರಳೆಣ್ಣೆಯ ಶೀಷೆ ತೊಳೆದು, ಮುಸುಕಿನ ಜೋಳದ ದಿಂಡನ್ನು ಬಿರಡೆ ಮಾಡಿ ತರುತ್ತಿದ್ದರಂತೆ. ಅಪ್ಪ ಉದ್ದನೆಯ ಕಾಗದದ ಪಟ್ಟಿಯನ್ನು ಮಡಿಸಿ, ಅಂಚಿನಲ್ಲಿ ಕತ್ತರಿಯಿಂದ ಮೂಲೆ ಹಾರಿಸಿ ಬಿಚ್ಚುತ್ತಿದ್ದರು. ಪಟ್ಟಿಯ ಎರಡು ಅಂಚಿಗೂ ಸಮನಾದ ಹಲ್ಲುಗಳು ಮೂಡಿರುತ್ತಿದ್ದವು. ಮೈದಾ ಅಂಟಿನಿಂದ ಅದನ್ನು ಶೀಷೆಗೆ ಅಂಟಿಸಿದರೆ ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಒಂದು ಸಲದ ಔಷಧ. ಓದು ಬರಹ ಬೇಕಿಲ್ಲ, ಚಮಚವೂ ಬೇಕಿಲ್ಲ. ಆದರೆ ಆ ಶೀಷೆ ನಾಲ್ಕೈದು ದಿನಕ್ಕೆ ಖಾಲಿ. ಎಂಟು ಹತ್ತು ಮೈಲಿ ನಡೆದು ಬರುವವನು ನಾಲ್ಕೈದು ದಿನಕ್ಕೊಮ್ಮೆ ಬಂದಾನೆಯೇ? ಎರಡು ಸಲ ಬರುತ್ತಿದ್ದ, ಮೂರನೇ ಸಲ ಸುಗ್ಗಿ ಅಡ್ಡ ಬರುತ್ತಿತ್ತು. ಮೂರ್ಛೆ ಮತ್ತೆ ಬಂದರೆ ಮನೆಯವರು ಸರ್ಕಾರಿ ಔಷಧ ಹಿಡಿಯಲಿಲ್ಲ ಅಂದುಕೊಂಡು ಬರೆ ಹಾಕಿಸಲು, ಹರಕೆ ಕಟ್ಟಲು ಹೊರಡುತ್ತಿದ್ದರು. ಹರಕೆಗೆ ಕುರಿ ಬೇಕು, ನೆಂಟರಿಗೆ ಊಟ ಬೇಕು. ಬಿಟ್ಟಿ ಔಷಧವನ್ನು ಕೊಳ್ಳಲಾಗದವರು ದುಬಾರಿ ಹರಕೆಗೆ ಸಾಲ ಮಾಡುತ್ತಿದ್ದರು. ಅಪ್ಪ ಇದನ್ನು ಬೈಯುತ್ತಿರಲಿಲ್ಲ. ಹರಕೆಗೆ ಸಾಲ ಕೊಡುವವರು ಊರಲ್ಲಿ ಇದ್ದರು, ಶೀಷೆ ಹಿಡಿದು ನಡೆಯುವುದಕ್ಕೆ ಕೂಲಿ ಕೊಡುವವರು ಯಾರೂ ಇರಲಿಲ್ಲ, ಅಷ್ಟೇ ಅನ್ನುತ್ತಿದ್ದರು.

ಶೀಷೆಯ ಜಾಗಕ್ಕೆ ಡಬ್ಬಿ ಬಂದದ್ದು ಫಿನೋಬಾರ್ಬಿಟೋನಿನಿಂದ. ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ತರುಣ ವೈದ್ಯರು 1912ರಲ್ಲಿ ನಿದ್ದೆ ಬರಿಸುವ ಈ ಔಷಧ ಮೂರ್ಛೆಯನ್ನೂ ತಡೆಯುತ್ತದೆ ಎಂದು ಕಂಡುಕೊಂಡರು. ಬೇಯರ್ ಕಂಪನಿ ಅದನ್ನು ಲ್ಯುಮಿನಾಲ್ ಎಂದು ಮಾರಿತು. ನಮ್ಮ ಕಡೆ ಜನರ ಬಾಯಲ್ಲಿ ನಿಂತ ಹೆಸರು ಗಾರ್ಡಿನಾಲ್. 1938ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮೆರಿಟ್ ಮತ್ತು ಪಟ್ನಮ್ ಎಂಬ ಇಬ್ಬರು ವೈದ್ಯರು ಫೆನಿಟಾಯಿನ್ ತೋರಿಸಿಕೊಟ್ಟರು, ಅದು ಡೈಲಾಂಟಿನ್, ಎಪ್ಟಾಯಿನ್ ಎಂದು ನಮ್ಮ ಅಂಗಡಿಗಳಿಗೆ ಬಂತು. ಮಾತ್ರೆ ಕಾಗದದಲ್ಲಿ ಕಟ್ಟಿಕೊಂಡು ಹೋಗುವ ಪದಾರ್ಥ. ಒಮ್ಮೆ ಬಂದವರಿಗೆ ತಿಂಗಳಿಗಾಗುವಷ್ಟು ಕೊಟ್ಟು ಕಳಿಸಬಹುದು. ಬಡವರ ಪಾಲಿಗೆ ಅದರ ದೊಡ್ಡ ಗುಣ ಅದೇ.

ಬೆಂಗಳೂರಿನ ಬಸ್ ಚಾರ್ಜು

ಮಾತ್ರೆ ಬಂತು, ಬರೆದುಕೊಡುವ ಡಾಕ್ಟರು ಬೇಕಲ್ಲ! ಮೂರ್ಛೆ ಎಂದರೆ ಬೆಂಗಳೂರು ಎಂಬ ವಾಡಿಕೆ ಬೆಳೆದದ್ದು ಹೀಗೆ. ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಹುಚ್ಚಾಸ್ಪತ್ರೆ ಎಂಬ ಹೆಸರು ಮಾತ್ರ ಜನರ ಬಾಯಿಂದ ಬೇಗ ಹೋಗಲಿಲ್ಲ. ಮಗಳಿಗೆ ಫಿಟ್ಸ್ ಬಂದರೆ ಆ ಗೇಟಿನೊಳಗೆ ಕಾಲಿಡಲು ಅಪ್ಪ ಅಮ್ಮ ಹೆದರುತ್ತಿದ್ದರು. ಯಾರಾದರೂ ನೋಡಿಬಿಟ್ಟರೆ?

ಹೆದರಿಕೆ ಮೀರಿ ಹೋದವರಿಗೆ ಕಾಯುತ್ತಿದ್ದದ್ದು ಖರ್ಚಿನ ಪಟ್ಟಿ. ನಾನು ಕೆಲಸಕ್ಕೆ ಸೇರಿದ ಎಂಬತ್ತರ ದಶಕದಲ್ಲಿ ನಮ್ಮ ತಾಲ್ಲೂಕಿನವರು ಹೇಳುತ್ತಿದ್ದ ಕ್ರಮ ಒಂದೇ. ಫಿಟ್ಸ್ ಇರುವವರನ್ನು ಒಬ್ಬರನ್ನೇ ಕಳಿಸುವಂತಿಲ್ಲ, ಆದ್ದರಿಂದ ಎರಡು ಟಿಕೇಟು. ಬೆಳಿಗ್ಗೆ ಚೀಟಿ ಸಿಗಬೇಕಾದರೆ ರಾತ್ರಿಯೇ ಹೊರಡಬೇಕು. ಇಬ್ಬರ ಎರಡು ದಿನದ ಕೂಲಿ ಹೋಯಿತು. ಹೋಟೆಲಿನ ಊಟ, ಮನೆಯಲ್ಲಿ ಬಿಟ್ಟುಬಂದ ಹಸು ಕರುವಿಗೆ ಪಕ್ಕದ ಮನೆಯವರ ಋಣ. ಇಷ್ಟೆಲ್ಲ ಆದ ಮೇಲೆ ಕೈಗೆ ಬರುತ್ತಿದ್ದ ಮಾತ್ರೆಯ ಬೆಲೆ ದಾರಿಯಲ್ಲಿ ಕುಡಿದ ಕಾಫಿಗಿಂತ ಕಡಿಮೆ. ಬಡವರಿಗೆ ನಿಮ್ಹಾನ್ಸ್ ಮಾತ್ರೆಯನ್ನು ಪುಕ್ಕಟೆಯಾಗಿಯೂ ಕೊಡುತ್ತಿತ್ತು. ಆದರೂ ಮೂರು ನಾಲ್ಕು ತಿಂಗಳ ಮೇಲೆ ಜನ ಹೋಗುವುದನ್ನು ನಿಲ್ಲಿಸುತ್ತಿದ್ದರು. ನಮ್ಮ ಜನ ಔಷಧಿಗೆ ದುಡ್ಡಿಲ್ಲ ಅಂದಾಗ ಅದರಲ್ಲಿ ಔಷಧಿಯ ದುಡ್ಡು ಕಾಲುಭಾಗವೂ ಇರುವುದಿಲ್ಲ.

ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಸಂಜೀವ್ ಥಾಮಸ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಈ ಹೊರೆಗೆ ಅಂಕಿ ಕೊಟ್ಟಿತು. ಭಾರತದಲ್ಲಿ ಒಬ್ಬ ಮೂರ್ಛೆರೋಗಿಯ ಕಾಯಿಲೆಗೆ ವರ್ಷಕ್ಕೆ ತಗಲುವ ಒಟ್ಟು ವೆಚ್ಚ 13,755 ರೂಪಾಯಿ. ಅದು ಆಗಿನ ತಲಾ ರಾಷ್ಟ್ರೀಯ ಉತ್ಪನ್ನದ ಶೇ 88ರಷ್ಟು. ಔಷಧ, ಓಡಾಟ, ಹೋದ ಕೂಲಿ ಎಲ್ಲ ಅದರೊಳಗೆ ಸೇರಿವೆ. ನಮ್ಮ ಕಿಟಕಿಯ ಮುಂದೆ ನಿಲ್ಲುತ್ತಿದ್ದವರಿಗೆ ಆ ಅಧ್ಯಯನ ಹೊಸದೇನನ್ನೂ ಹೇಳುತ್ತಿರಲಿಲ್ಲ.

ಮಾತ್ರೆಯೇ ಊರಿಗೆ ಬಂದದ್ದು

ರೋಗಿ ಬೆಂಗಳೂರಿಗೆ ಬರುವ ಬದಲು ಮಾತ್ರೆಯೇ ರೋಗಿಯ ಊರಿಗೆ ಹೋಗಲಿ ಎಂಬ ಯೋಚನೆಗೆ ದೇಶಕ್ಕೇ ದಾರಿ ತೋರಿಸಿದ ನಾಡುಗಳಲ್ಲಿ ನಮ್ಮದೂ ಒಂದು. ಇದು ಹೆಮ್ಮೆಪಡಬೇಕಾದ ಚರಿತ್ರೆ, ನಮ್ಮ ಶಾಲೆಯ ಪುಸ್ತಕಗಳಲ್ಲಿ ಇಲ್ಲದ ಚರಿತ್ರೆ.

1970ರ ದಶಕದ ನಡುವೆ ನಿಮ್ಹಾನ್ಸಿನಲ್ಲಿ ಆರ್. ಎಲ್. ಕಪೂರ್ ಮುಂತಾದವರು ಸಮುದಾಯ ಮನೋವೈದ್ಯಕೀಯ ಘಟಕ ಕಟ್ಟಿದರು. ಬನ್ನೇರುಘಟ್ಟದ ಹತ್ತಿರದ ಸಕಲವಾರ ಅವರ ಪ್ರಯೋಗಶಾಲೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಧಾರಣ ಡಾಕ್ಟರು, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆ, ಇವರಿಗೇ ತರಬೇತಿ ಕೊಟ್ಟರೆ ಮಾನಸಿಕ ಕಾಯಿಲೆ ಮತ್ತು ಮೂರ್ಛೆ ಎರಡನ್ನೂ ಊರಲ್ಲೇ ನೋಡಿಕೊಳ್ಳಬಹುದು ಎಂದು ಅಲ್ಲಿ ಕಲಿತರು. 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಇಡಿಯಾಗಿ ಕೈಗೆತ್ತಿಕೊಂಡರು. ನಾಲ್ಕೈದು ಬಗೆಯ ಮಾತ್ರೆಗಳ ಚಿಕ್ಕ ಪಟ್ಟಿ, ಅದರಲ್ಲಿ ಫಿನೋಬಾರ್ಬಿಟೋನ್ ಒಂದು. ಆರೋಗ್ಯ ಕೇಂದ್ರದಲ್ಲೇ ಪುಕ್ಕಟೆ ವಿತರಣೆ. ತಪ್ಪಿಸಿಕೊಂಡವರ ಮನೆಗೆ ಕಾರ್ಯಕರ್ತೆಯ ಭೇಟಿ. ದೇಶದಾದ್ಯಂತ ಹರಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದಾಗ ಅದಕ್ಕೆ ಮಾದರಿ ಈ ಬಳ್ಳಾರಿಯೇ.

ನಿಮ್ಹಾನ್ಸಿನ ನರರೋಗ ವಿಭಾಗದವರು ಗೌರಿಬಿದನೂರು, ಮಧುಗಿರಿ, ಮದ್ದೂರು, ಕನಕಪುರದಂಥ ಊರುಗಳಿಗೆ ತಿಂಗಳ ಶಿಬಿರಕ್ಕೆ ಬರತೊಡಗಿದರು. ಆ ವಿಭಾಗದ ಗೌರಿದೇವಿ, ಸತೀಶ್ಚಂದ್ರ ಇಬ್ಬರೂ ಮುಂದೆ ಆ ಸಂಸ್ಥೆಯ ಮುಖ್ಯಸ್ಥರಾದವರು. ಇವರು ಸಂಕ್ರಾಮಿಕಶಾಸ್ತ್ರದ ಗುರುರಾಜ್ ಅವರ ಜತೆಗೂಡಿ ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ಒಂದು ಲಕ್ಷಕ್ಕೂ ಮೀರಿದ ಜನರ ಮನೆ ಬಾಗಿಲಿಗೆ ಹೋಗಿ ಲೆಕ್ಕ ತೆಗೆದರು. ಸಾವಿರಕ್ಕೆ ನಗರದಲ್ಲಿ 5.7, ಹಳ್ಳಿಯಲ್ಲಿ 11.9 ಜನಕ್ಕೆ ಮೂರ್ಛೆರೋಗ. ಡಾಕ್ಟರು ಎಲ್ಲಿ ಕಡಿಮೆಯೋ ಅಲ್ಲಿ ಕಾಯಿಲೆ ಇಮ್ಮಡಿ.

ಇನ್ನೊಂದು ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ: ಡಾ. ಕೆ. ಎಸ್. ಮಣಿ. ಬೆಂಗಳೂರಿನ ಈ ಹಿರಿಯ ನರತಜ್ಞರು ತಮ್ಮ ತಂಡದೊಡನೆ ಯಳಂದೂರು ತಾಲ್ಲೂಕಿಗೆ ಹೋದರು. ಸುಮಾರು 65 ಸಾವಿರ ಜನರನ್ನು ಸಮೀಕ್ಷೆ ಮಾಡಿ ಸಾವಿರಕ್ಕೆ 4.6ರಷ್ಟು ರೋಗಿಗಳನ್ನು ಗುರುತಿಸಿದರು. ಅಷ್ಟಕ್ಕೇ ಬಿಡದೆ ಫಿನೋಬಾರ್ಬಿಟೋನ್ ಅಥವಾ ಫೆನಿಟಾಯಿನ್, ಈ ಎರಡೇ ಹಳೆಯ ಅಗ್ಗದ ಮಾತ್ರೆಗಳನ್ನು ಕೊಟ್ಟು ವರ್ಷಗಟ್ಟಲೆ ಬೆನ್ನು ಹತ್ತಿ ನೋಡಿದರು. 2001ರಲ್ಲಿ ಆ ಫಲಿತಾಂಶ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಹಳ್ಳಿಯಲ್ಲೇ ಇದ್ದು ಅಗ್ಗದ ಮಾತ್ರೆ ಬಿಡದೆ ನುಂಗಿದವರಿಗೆ ಫಿಟ್ಸ್ ಹಿಡಿತಕ್ಕೆ ಬರುತ್ತದೆ, ಹೆಚ್ಚು ಸಲ ಬೀಳುವ ಮೊದಲೇ ಚಿಕಿತ್ಸೆ ಶುರುವಾದರೆ ಫಲ ಇನ್ನೂ ಚೆನ್ನಾಗಿರುತ್ತದೆ ಎಂಬುದು ಅದರ ಸಾರ. ಯಳಂದೂರಿನ ಕೂಲಿಕಾರರ ಅನುಭವವನ್ನು ಲೋಕದ ವೈದ್ಯರು ಓದಿದರು.

ಸೂರ್ಯ, ಚಂದ್ರ, ಡೇರಿ ಬಟವಾಡೆ

ನಮ್ಮ ಕಿಟಕಿಗೆ ಗಾರ್ಡಿನಾಲ್ ಬರುತ್ತಿದ್ದದ್ದು ಸಾವಿರ ಮಾತ್ರೆಯ ಡಬ್ಬಿಗಳಲ್ಲಿ. ಚಿಕ್ಕ ಬಿಳಿ ಮಾತ್ರೆ, ಮೂವತ್ತು ಮಿಲಿಗ್ರಾಮಿನದು ಮತ್ತು ಅರವತ್ತರದು. ತಟ್ಟೆಗೆ ಸುರಿದು ಚಪ್ಪಟೆ ಚಾಕಿನಲ್ಲಿ ಐದೈದಾಗಿ ಸರಿಸುತ್ತ ಎಣಿಸಬೇಕು. ಹಳೆಯ ನಮೂನೆ ಕಾಗದದಲ್ಲಿ ಮಾಡಿದ ಲಕೋಟೆಗೆ ತುಂಬಿ, ಬೆಳಿಗ್ಗೆಯದರ ಮೇಲೆ ಸೂರ್ಯ, ರಾತ್ರಿಯದರ ಮೇಲೆ ಚಂದ್ರ ಬರೆಯುತ್ತಿದ್ದೆ. ಮೂರ್ಛೆಗೆ ಹೆಚ್ಚಾಗಿ ಚಂದ್ರನೇ. ಸೂರ್ಯ ಚಂದ್ರ ಎರಡೂ ಇದ್ದ ಲಕೋಟೆ ಕಂಡರೆ ಕೆಲವು ಮುದುಕಿಯರು ಕಾಯಿಲೆ ಜೋರಾಗಿದೆ ಎಂದು ಗಾಬರಿಬೀಳುತ್ತಿದ್ದರು.

ಡಬ್ಬಿ ಬಾರದ ತಿಂಗಳುಗಳೂ ಇದ್ದವು. ನಾನಿದ್ದ ಒಂದು ಆಸ್ಪತ್ರೆಯಲ್ಲಿ ಇಂಡೆಂಟು ಕಳಿಸಿ ಕಳಿಸಿ ಕಾರ್ಬನ್ ಕಾಗದ ಸವೆದರೂ ಮಾತ್ರೆ ಬರಲಿಲ್ಲ. ಲಾಭವಿಲ್ಲದ ಸರಕನ್ನು ಮಾಡುವವರು ಕಡಿಮೆ, ಇಡುವವರು ಇನ್ನೂ ಕಡಿಮೆ. ಜತೆಗೆ ಫಿನೋಬಾರ್ಬಿಟೋನ್ 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿ ಮನಸ್ಸಿನ ಮೇಲೆ ಪರಿಣಾಮ ಮಾಡುವ ಪದಾರ್ಥವೆಂದು ಸೇರಿತು. ಅಷ್ಟು ಕಡಿಮೆ ಬೆಲೆಯ ಮಾತ್ರೆಗೆ ಅಷ್ಟು ಲೆಕ್ಕಪತ್ರ ಯಾರು ಇಡುತ್ತಾರೆ ಎಂದು ಚಿಕ್ಕ ಅಂಗಡಿಯವರು ತರಿಸುವುದನ್ನೇ ಬಿಟ್ಟರು. ಹೀಗೆ ಮಾತ್ರೆಯ ಅಗ್ಗತನವೇ ಅದಕ್ಕೆ ಮುಳುವಾಯಿತು.

ಆಗ ರೋಗಿಗಳು ಚೀಟಿ ಹಿಡಿದು ಹೊರಗಿನ ಮೆಡಿಕಲ್ ಶಾಪಿಗೆ ಹೋಗುತ್ತಿದ್ದರು. ಅಲ್ಲಿನ ದುಡ್ಡು ಹೇಗೆ ಹುಟ್ಟುತ್ತಿತ್ತು? ನಮ್ಮ ಕಡೆ ಅದಕ್ಕೆ ಉತ್ತರ ಡೇರಿ. ಹಾಲಿನ ಸೊಸೈಟಿಯ ಬಟವಾಡೆ ಆದ ಮಾರನೆ ದಿನ ಮೆಡಿಕಲ್ ಶಾಪಿನ ಮುಂದೆ ಹೆಂಗಸರು ಕಾಣುತ್ತಿದ್ದರು. ಹಸು ಬತ್ತಿದ ತಿಂಗಳು ಮಾತ್ರೆಯೂ ಬತ್ತುತ್ತಿತ್ತು. ಅಂಗಡಿಯವನ ಉದ್ರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಸ್ವಲ್ಪ ನಿರಾಳ. ಎರಡು ಸಾವಿರದ ಇಸವಿಯ ಆಚೀಚೆ ಸ್ತ್ರೀಶಕ್ತಿ ಸಂಘಗಳು ಬಂದ ಮೇಲೆ ವಾರದ ಉಳಿತಾಯದಿಂದ ಕೈಸಾಲ ಎತ್ತುವ ದಾರಿಯೊಂದು ತೆರೆಯಿತು. ಸಂಘದ ಪುಸ್ತಕದಲ್ಲಿ ಆ ಸಾಲಕ್ಕೆ ಕಾರಣ ಅಂತ ಮೇವು ಎಂದೋ ಗೊಬ್ಬರ ಎಂದೋ ಬರೆಸುತ್ತಿದ್ದರೇ ಹೊರತು ಮೂರ್ಛೆ ಎಂದು ಬರೆಸುತ್ತಿರಲಿಲ್ಲ.

ಏನೂ ಹುಟ್ಟದಿದ್ದರೆ ಮಾತ್ರೆಯನ್ನು ಹಿಗ್ಗಿಸುವುದು. ಸ್ಟ್ರಿಪ್ಪನ್ನು ಕತ್ತರಿಯಿಂದ ಅರ್ಧ ಮಾಡಿಸಿ ಕೊಳ್ಳುವುದು, ದಿನ ಬಿಟ್ಟು ದಿನ ನುಂಗುವುದು, ಒಂದನ್ನು ಎರಡು ಹೋಳು ಮಾಡುವುದು. ಸಕ್ಕರೆ, ಬಿಪಿಯ ಮಾತ್ರೆಯಲ್ಲಿ ಹೀಗೆ ಮಾಡಿದರೆ ಕೇಡು ನಿಧಾನಕ್ಕೆ ಬರುತ್ತದೆ. ಮೂರ್ಛೆಯ ಮಾತ್ರೆಯಲ್ಲಿ ಅದು ಅದೇ ವಾರ ಬರಬಹುದು. ಒಮ್ಮೆಲೇ ಬಿಟ್ಟರೆ ಫಿಟ್ಸ್ ನಿಲ್ಲದೆ ಒಂದರ ಹಿಂದೆ ಒಂದು ಬಂದು ಜೀವಕ್ಕೇ ಸಂಚಕಾರ. ಹಾಗೆ ಎತ್ತಿಕೊಂಡು ಬಂದವರನ್ನು ಆಂಬುಲೆನ್ಸಿನಲ್ಲಿ ಮೈಸೂರಿಗೋ ಬೆಂಗಳೂರಿಗೋ ಕಳಿಸುವಾಗ ಆಗುತ್ತಿದ್ದ ಖರ್ಚಿನಲ್ಲಿ ಎಷ್ಟೋ ವರ್ಷದ ಮಾತ್ರೆ ಕೊಳ್ಳಬಹುದಿತ್ತು.

ಮದುವೆಯ ಕಾನೂನು, ಬಚ್ಚಿಟ್ಟ ಲಕೋಟೆ

ಮಾತ್ರೆಗೆ ದುಡ್ಡು ಕೇಳಲೂ ಬಾಯಿ ಬೇಕು. ಆ ಬಾಯಿಯನ್ನು ಕಾನೂನೇ ಕಟ್ಟಿತ್ತು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಆದ ತಿದ್ದುಪಡಿಯಲ್ಲಿ ಮತ್ತೆ ಮತ್ತೆ ಮೂರ್ಛೆ ಬರುವುದನ್ನು ಹುಚ್ಚಿನ ಜತೆಗೇ ಸೇರಿಸಿ ಮದುವೆಗೆ ಅನರ್ಹತೆಯ ಪಟ್ಟಿಗೆ ಹಾಕಿದ್ದರು. ಆ ಒಂದು ಪದ ತೆಗೆಸುವುದಕ್ಕೆ ಭಾರತೀಯ ಎಪಿಲೆಪ್ಸಿ ಸಂಘ ವರ್ಷಾನುಗಟ್ಟಲೆ ಹೋರಾಡಿತು. 1999ರ ತಿದ್ದುಪಡಿಯಲ್ಲಿ ಅದು ಹೋಯಿತು.

ಕಾನೂನಿನ ಪುಸ್ತಕವನ್ನು ನಮ್ಮ ಹಳ್ಳಿಯವರು ಓದಿರಲಿಲ್ಲ, ಅದರ ಸುದ್ದಿ ಮಾತ್ರ ಎಲ್ಲರಿಗೂ ಗೊತ್ತಿತ್ತು. ಮದುವೆಯಾದ ಹುಡುಗಿಯ ಮಾತ್ರೆಯನ್ನು ತೌರಿನ ತಾಯಿ ಬಂದು ಇಸಿದುಕೊಳ್ಳುವುದು ನಾನು ಕಂಡ ವಾಡಿಕೆ. ಲಕೋಟೆಯ ಮೇಲೆ ಏನೂ ಬರೀಬೇಡಿ ಕಣವ್ವ, ಸೂರ್ಯ ಚಂದ್ರಾನೂ ಬೇಡ, ಅನ್ನುತ್ತಿದ್ದರು. ಸೊಪ್ಪು, ಹುರಿಟ್ಟು, ಚಕ್ಕುಲಿಯ ಡಬ್ಬದ ತಳದಲ್ಲಿ ಆ ಲಕೋಟೆ ಗಂಡನ ಮನೆ ಸೇರುತ್ತಿತ್ತು. ಗಂಡನ ಮನೆಯಲ್ಲಿ ಮಗಳು ಆ ಖರ್ಚನ್ನು ಕೇಳುವಂತಿಲ್ಲ. ಹೀಗಾಗಿ ಎಷ್ಟೋ ಹೆಂಗಸರ ಮೂರ್ಛೆಯ ಮಾತ್ರೆಗೆ ಜೀವಮಾನವಿಡೀ ದುಡ್ಡು ಹಾಕಿದವರು ತೌರಿನವರು. ತಾಯಿ ಸತ್ತ ಮೇಲೆ ಮಾತ್ರೆ ನಿಂತು ಫಿಟ್ಸ್ ಮರಳಿದ ಹೆಂಗಸರನ್ನು ನಾನು ಬಲ್ಲೆ. ಕಾನೂನಿನಿಂದ ಪದ ಹೋಗಿ ಇಷ್ಟು ವರ್ಷವಾದರೂ ಲಕೋಟೆ ಬಚ್ಚಿಡುವುದು ಪೂರ್ತಿ ನಿಂತಿಲ್ಲ.

ತಲೆಸ್ನಾನದ ದಿನದ ಮಾತ್ರೆ

ಎಲ್ಲ ಮೂರ್ಛೆಗೂ ದಿನದ ಮಾತ್ರೆಯೇ ಬೇಕೆಂದಿಲ್ಲ ಎಂದು ಜಗತ್ತಿಗೆ ಚೆನ್ನಾಗಿ ತೋರಿಸಿಕೊಟ್ಟದ್ದೂ ನಮ್ಮ ಮೈಸೂರು ಸೀಮೆಯೇ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಎಣ್ಣೆ ಹಚ್ಚಿ, ಹಂಡೆಯ ಸುಡುನೀರನ್ನು ಚೊಂಬು ಚೊಂಬಾಗಿ ನೆತ್ತಿಗೆ ಸುರಿಯುವುದು ನಮ್ಮ ಸುಖ. ಕೆಲವರಿಗೆ ಆ ಬಿಸಿನೀರು ತಲೆಗೆ ಬಿದ್ದಾಗಲೇ ಮೂರ್ಛೆ ಬರುತ್ತದೆ. ಕೆ. ಎಸ್. ಮಣಿ ಅವರು 1960ರ ದಶಕದಲ್ಲೇ ಇದನ್ನು ವೈದ್ಯಲೋಕಕ್ಕೆ ಬಣ್ಣಿಸಿದರು. 1988ರಲ್ಲಿ ಸತೀಶ್ಚಂದ್ರ ಮತ್ತು ಸಂಗಡಿಗರು ದಕ್ಷಿಣ ಭಾರತದ 279 ರೋಗಿಗಳ ವಿವರ ಪ್ರಕಟಿಸಿದರು.

ಇದರ ಚಿಕಿತ್ಸೆಯೇ ಕಾಸಿಲ್ಲದ್ದು. ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳಿ, ನೆತ್ತಿಗೆ ಒಮ್ಮೆಲೇ ಸುರಿಯಬೇಡಿ. ಅದಕ್ಕೂ ಬಗ್ಗದಿದ್ದರೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಒಂದು ಕ್ಲೋಬಜಾಮ್ ಮಾತ್ರೆ. ಬೇರೆ ಬಗೆಯ ಫಿಟ್ಸ್ ಇಲ್ಲದವರಿಗೆ ದಿನವೂ ನುಂಗುವ ಕಟ್ಟಿಲ್ಲ. ತಿಂಗಳಿಗೆ ಮೂವತ್ತು ಮಾತ್ರೆಯ ಬದಲು ನಾಲ್ಕು. ರೋಗಿಯ ಬಚ್ಚಲು, ಹಂಡೆ, ವಾರದ ಪದ್ಧತಿ ಎಲ್ಲವನ್ನೂ ಕೇಳಿ ತಿಳಿದ ವೈದ್ಯರು ಬರೆಯುವ ಚೀಟಿ ಎಷ್ಟು ಹಗುರವಾಗಬಲ್ಲದು ನೋಡಿ.

ಹಳೆಯದು ಅಗ್ಗ, ಹೊಸದು ಹಿತ

ಹಳೆಯ ಮಾತ್ರೆಗಳನ್ನು ಇಷ್ಟು ಹೊಗಳಿದ ಮೇಲೆ ಅವುಗಳ ಕಾಟವನ್ನೂ ಹೇಳಬೇಕು. ಗಾರ್ಡಿನಾಲ್ ನುಂಗಿದ ಮಕ್ಕಳು ತರಗತಿಯಲ್ಲಿ ತೂಕಡಿಸುತ್ತಿದ್ದರು. ಎಪ್ಟಾಯಿನ್ ವರ್ಷಗಟ್ಟಲೆ ನುಂಗಿದ ಹುಡುಗಿಯರ ವಸಡು ಊದಿಕೊಂಡು, ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡುತ್ತಿದ್ದರು. ಆಮೇಲೆ ಬಂದ ವಾಲ್‌ಪ್ರೋಯೇಟ್ ಒಳ್ಳೆಯ ಔಷಧ, ಆದರೆ ಬಸುರಿಯರು ನುಂಗಿದರೆ ಹೊಟ್ಟೆಯ ಕೂಸಿಗೆ ಅಪಾಯ. ಹೆರುವ ವಯಸ್ಸಿನವರಿಗೆ ಡಾಕ್ಟರು ಲೆವೆಟಿರಾಸೆಟಮ್, ಲಾಮೊಟ್ರಿಜಿನ್ ಬರೆದರೆ ಬೆಲೆ ಏರುತ್ತದೆ. ಬಡವರಿಗೆ ಅಗ್ಗದ್ದು ಸಾಕು ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ.

ಹೊಸ ಮಾತ್ರೆಗಳು ನಮ್ಮ ಅಳತೆಗೆ ಇಳಿದದ್ದರ ಹಿಂದೆ ಕಾನೂನಿನ ಕೈ ಇದೆ. 1970ರ ಪೇಟೆಂಟ್ ಕಾಯ್ದೆ ಔಷಧದ ಮೇಲೆ ಪೇಟೆಂಟ್ ಕೊಡದೆ ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. 1972ರಿಂದ ಜಾರಿಗೆ ಬಂದ ಈ ಕಾಯ್ದೆಯ ಬಲದಿಂದ ನಮ್ಮ ಕಂಪನಿಗಳು ಬೇರೆ ವಿಧಾನದಲ್ಲಿ ಅದೇ ಔಷಧ ತಯಾರಿಸಿ ಅಗ್ಗಕ್ಕೆ ಮಾರಿದವು. 2005ರಲ್ಲಿ ಆ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಈಗ ಹೆಚ್ಚಾಗಿ ಬರೆಯುವ ಮೂರ್ಛೆ ಮಾತ್ರೆಗಳು ಒಳಗೆ ಬಂದಾಗಿತ್ತು. 1970ರಲ್ಲೇ ಶುರುವಾದ ಬೆಲೆ ನಿಯಂತ್ರಣ ಆದೇಶವನ್ನು 2013ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಗಂಟು ಹಾಕಿದರು. ಫಿನೋಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮಜೆಪಿನ್, ವಾಲ್‌ಪ್ರೋಯೇಟ್ ಆ ಪಟ್ಟಿಯಲ್ಲಿವೆ. 2022ರ ಪಟ್ಟಿಯಲ್ಲಿ ಲೆವೆಟಿರಾಸೆಟಮ್ ಕೂಡ ಇದೆ. 2008ರಲ್ಲಿ ಶುರುವಾಗಿ ಈಗ ತಾಲ್ಲೂಕು ತಾಲ್ಲೂಕಿಗೂ ಬಂದಿರುವ ಜನೌಷಧಿ ಅಂಗಡಿಗಳು ಬ್ರ್ಯಾಂಡಿನ ಹೆಸರಿಲ್ಲದ ಮಾತ್ರೆಯನ್ನು ಬಹಳ ಕಡಿಮೆ ಬೆಲೆಗೆ ಕೊಡುತ್ತವೆ.

ಆಪರೇಷನ್ನಿಗೆ ಲಕ್ಷ, ಮಾತ್ರೆಗೆ ಸೊನ್ನೆ

ಇನ್ನು ಸರ್ಕಾರದ ಯೋಜನೆಗಳ ಮಾತು. 2003ರಲ್ಲಿ ಸಹಕಾರಿ ರೈತರಿಗಾಗಿ ಯಶಸ್ವಿನಿ ಬಂತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ. ಎಲ್ಲವೂ ದೊಡ್ಡ ಕೆಲಸವೇ ಮಾಡಿವೆ. ಆದರೆ ಒಂದೊಂದರ ಅಂಚನ್ನೂ ಮುಟ್ಟಿ ನೋಡಿ: ಶಸ್ತ್ರಚಿಕಿತ್ಸೆ, ದಾಖಲಾತಿ, ಹಾಸಿಗೆ. ಆಯುಷ್ಮಾನ್ ಭಾರತ್ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ 15 ದಿನದ ಔಷಧ ಕೊಡುತ್ತದೆ. ಮೂರ್ಛೆಯ ಮಾತ್ರೆ ಕಡಿಮೆಯೆಂದರೆ ಎರಡು ಮೂರು ವರ್ಷ, ಎಷ್ಟೋ ಜನಕ್ಕೆ ಜೀವಮಾನ. ಹದಿನಾರನೇ ದಿನದಿಂದ ಮತ್ತೆ ಡೇರಿ ಬಟವಾಡೆ.

ಖಾಸಗಿ ವಿಮೆಯ ಕಡೆ ಹೋದರೂ ಅಷ್ಟೇ. ವಿಮಾ ಕಂಪನಿಗಳು ಮೊದಲೇ ಇದ್ದ ಕಾಯಿಲೆಯೆಂದು ಕಾಯಂ ಆಗಿ ಹೊರಗಿಡಬಹುದಾದ ಕಾಯಿಲೆಗಳ 2019ರ ಪಟ್ಟಿಯಲ್ಲಿ ಎಪಿಲೆಪ್ಸಿ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ಎಪಿಲೆಪ್ಸಿ ಇಲ್ಲ. ಆದ್ದರಿಂದ ಬೇರೆ ಊನವಿಲ್ಲದ ಮೂರ್ಛೆರೋಗಿಗೆ ಮಾಸಾಶನದ ಮಾತೂ ಇಲ್ಲ. ವಿಮೆಯ ಕಣ್ಣಿಗೆ ಇದು ದೊಡ್ಡ ಕಾಯಿಲೆ, ನೆರವಿನ ಕಣ್ಣಿಗೆ ಕಾಯಿಲೆಯೇ ಅಲ್ಲ.

ಈ ಚರಿತ್ರೆಯಲ್ಲಿ ಮೂರ್ಛೆರೋಗಿಗಳಿಗೆ ಸಿಕ್ಕ ದೊಡ್ಡ ಹಣದ ನೆರವುಗಳಲ್ಲಿ ಒಂದು ಆರೋಗ್ಯ ಇಲಾಖೆಯದೇ ಅಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಅದು. ಮೂರ್ಛೆ ಇರುವ ಮಗಳು, ಜತೆಗೆ ಬರುವ ತಾಯಿ, ಇಬ್ಬರಿಗೂ ಬಸ್ಸಿನಲ್ಲಿ ಕಾಸಿಲ್ಲ. ಮಾತ್ರೆಗಿಂತ ದುಬಾರಿಯಾಗಿದ್ದ ಆ ಎರಡು ಟಿಕೇಟಿನ ದುಡ್ಡು ಉಳಿಯಿತು. ನಿವೃತ್ತಿಯ ಮೇಲೆ ಊರಿನ ಹೆಂಗಸರು ಬಂದು, ತಪ್ಪದೆ ಆಸ್ಪತ್ರೆಗೆ ಹೋಗುತ್ತಿದ್ದೇವೆ ಎಂದಾಗ, ಶೀಷೆ ಹಿಡಿದು ನಡೆಯುವುದಕ್ಕೆ ಕೂಲಿ ಕೊಡುವವರಿಲ್ಲ ಎಂಬ ಅಪ್ಪನ ಮಾತು ಎಷ್ಟು ಸರಿ ಅನ್ನಿಸಿತು. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜತೆಗೂಡಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರುಮಾಡಿದೆ, ಜಿಲ್ಲಾಸ್ಪತ್ರೆಗಳಲ್ಲಿ ಮೆದುಳು ಆರೋಗ್ಯದ ಕ್ಲಿನಿಕ್ಕುಗಳು ಬರುತ್ತಿವೆ. ಪಾರ್ಶ್ವವಾಯು, ಮರೆಗುಳಿತನದ ಜತೆ ಮೂರ್ಛೆಯೂ ಅದರ ಪಟ್ಟಿಯಲ್ಲಿದೆ. ಸಕಲವಾರ, ಬಳ್ಳಾರಿ, ಯಳಂದೂರಿನಲ್ಲಿ ಕಲಿತ ಪಾಠ ಮತ್ತೆ ಚಲಾವಣೆಗೆ ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ.

ಆ ಪಾಠ ಇಷ್ಟೇ: ಮೂರ್ಛೆಗೆ ಲಕ್ಷದ ನೆರವು ಬೇಕಾಗುವುದು ಕೆಲವರಿಗೆ, ತಿಂಗಳ ಚಿಲ್ಲರೆಯ ನೆರವು ಬೇಕಾಗುವುದು ಹೆಚ್ಚಿನವರಿಗೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಡಿಮೆಯೆಂದರೆ ನಾಲ್ಕು ಬಗೆಯ ಮೂರ್ಛೆ ಮಾತ್ರೆ ವರ್ಷವಿಡೀ ಖಾಲಿಯಾಗದೆ ಇರಬೇಕು. ಫಿಟ್ಸ್ ಹಿಡಿತದಲ್ಲಿರುವವರಿಗೆ ಮೂರು ತಿಂಗಳದ್ದನ್ನು ಒಟ್ಟಿಗೆ ಕೊಡಬೇಕು. ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಬೇಕು, ಆ ಓಡಾಟಕ್ಕೆ ಆಕೆಗೆ ದುಡ್ಡು ಸಲ್ಲಬೇಕು. ಇದಕ್ಕೆ ಹೊಸ ಕಟ್ಟಡ, ಹೊಸ ಯಂತ್ರ ಯಾವುದೂ ಬೇಡ.

ಓದುವವರಲ್ಲಿ ಮೂರ್ಛೆ ಇರುವವರಿದ್ದರೆ, ಮನೆಯಲ್ಲಿ ಅಂಥವರಿದ್ದರೆ ಒಂದು ಮಾತು. ದುಡ್ಡಿಲ್ಲವೆಂದು ಮಾತ್ರೆಯನ್ನು ತಾವಾಗಿ ಅರ್ಧ ಮಾಡಬೇಡಿ, ನಿಲ್ಲಿಸಬೇಡಿ. ದುಡ್ಡಿಲ್ಲ ಎಂಬುದನ್ನು ಡಾಕ್ಟರ ಮುಂದೆಯೇ ಹೇಳಿ. ಇದಕ್ಕಿಂತ ಅಗ್ಗದ್ದು ನನಗೆ ಆಗುತ್ತದೆಯೇ, ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆಯೇ, ಜನೌಷಧಿಯಲ್ಲಿ ಇದೆಯೇ ಎಂದು ಕೇಳಿ. ಕಂಪನಿ ಬದಲಾಯಿಸುವುದಿದ್ದರೆ ಅದನ್ನೂ ಅವರಿಗೆ ತಿಳಿಸಿಯೇ ಬದಲಾಯಿಸಿ. ಕೇಳಲು ನಾಚಿಕೆಪಡುವ ವಿಷಯ ಇದರಲ್ಲಿ ಏನೂ ಇಲ್ಲ.